ಹುಳಿಮಾವಿನಿಂದ ಬಂದ ಡಿಲೇ ಬೋರ್ಡು

ಗಣೇಶನ ಹಬ್ಬ ಹತ್ತಿರ ಬಂದಿದ್ದಾಗ ನನ್ನ ಡಿಲೇ ಪೆಡಲ್ ಕೆಟ್ಟುಹೋಯಿತು. ಮಧ್ಯಾಹ್ನದ ಊಟ ಮುಗಿಸಿ, ಜೆ.ಪಿ. ನಗರದ ನಮ್ಮ ಬಾಡಿಗೆ ಮನೆಯ ಹಿಂದಿನ ರೂಮಿನಲ್ಲಿ ಗಿಟಾರ್ ಅಭ್ಯಾಸಕ್ಕೆ ಕೂತಿದ್ದೆ. ಒಂದು ತಂತಿ ಮೀಟಿದೆ. ಸದ್ದು ಒಂದೇ ಸಲ ಬಂದು ನಿಂತಿತು. ಪೆಡಲ್ ಒತ್ತಿ ಬಿಟ್ಟೆ, ವೈರು ಕಿತ್ತು ಮತ್ತೆ ಹಾಕಿದೆ, ಅಡಾಪ್ಟರ್ ಬದಲಾಯಿಸಿದೆ. ಕೆಂಪು ದೀಪ ಉರಿಯುತ್ತಿತ್ತು. ಅದರ ಹಿಂದೆ ಬರಬೇಕಾದ ಮಾರ್ದನಿ ಮಾತ್ರ ಬರಲಿಲ್ಲ. ನಡುಮನೆಯಲ್ಲಿ ಹುರುಳಿಕಾಯಿ ಸೋಸುತ್ತಿದ್ದ ನನ್ನ ಅತ್ತೆ ಅಲ್ಲಿಂದಲೇ ಕೇಳಿದರು, "ಏನಾಯ್ತೇ, ಇವತ್ತು ನೀನು ನುಡಿಸೋದು ಬೋಳು ಬೋಳಾಗಿ ಕೇಳ್ತಿದೆಯಲ್ಲ?"

ಡಿಲೇ ಪೆಡಲ್ ಅಂದರೆ ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ನೆಲದ ಮೇಲೆ ಇಟ್ಟುಕೊಂಡು ಕಾಲಿನಲ್ಲಿ ಒತ್ತುವ ಒಂದು ಕಬ್ಬಿಣದ ಡಬ್ಬಿ. ನುಡಿಸಿದ್ದನ್ನು ಅರೆಕ್ಷಣ ಹಿಡಿದಿಟ್ಟುಕೊಂಡು ಮತ್ತೆ ಕೇಳಿಸುತ್ತದೆ, ಆಮೇಲೆ ಇನ್ನೂ ಮೆತ್ತಗೆ, ಇನ್ನೂ ಮಸುಕಾಗಿ. ಬೇರೆಯವರಿಗೆ ಅದು ಅಲಂಕಾರ. ನನಗೆ ಹಾಗಿರಲಿಲ್ಲ. ಹಿಂದಿನ ವರ್ಷ ಬಿಳೇಕಹಳ್ಳಿ ಹತ್ತಿರ, ಮೆಟ್ರೋಗೆ ಅಂತ ಅಗೆದು ಮುಚ್ಚಿದ್ದ ರಸ್ತೆಯಲ್ಲಿ ಸ್ಕೂಟರ್ ಜಾರಿ ಬಿದ್ದಿದ್ದೆ. ಮೊಣಕೈ ಮೂಳೆ ಕೂಡಿಕೊಂಡಿತು. ಅದರ ಪಕ್ಕದ ನರ ಕೂಡಿಕೊಳ್ಳಲಿಲ್ಲ. ಎಡಗೈಯ ಉಂಗುರದ ಬೆರಳು, ಕಿರುಬೆರಳು ಎರಡೂ ಇದ್ದೂ ಇಲ್ಲದಂತಾದವು. ತಂತಿ ಮೇಲೆ ಇಟ್ಟರೆ ಇಟ್ಟಿದ್ದು ಗೊತ್ತಾಗುತ್ತಿರಲಿಲ್ಲ, ಒತ್ತಿದರೆ ಒತ್ತುತ್ತಿರಲಿಲ್ಲ.

ನಾನು ಆರ್ಕೆಸ್ಟ್ರಾದಲ್ಲಿ ಲೀಡ್ ಗಿಟಾರ್ ನುಡಿಸುವವಳು. ಗಣೇಶೋತ್ಸವದಿಂದ ರಾಜ್ಯೋತ್ಸವದ ತನಕ ಬೆಂಗಳೂರಿನ ದಕ್ಷಿಣ ಭಾಗದ ಯಾವ ಗಲ್ಲಿಯಲ್ಲಿ ಪೆಂಡಾಲ್ ಹಾಕಿದ್ದರೂ ಅಲ್ಲಿ ನಮ್ಮಂಥದ್ದೊಂದು ತಂಡ ಇರುತ್ತದೆ. ಕೈ ಹೋದ ಮೇಲೆ ನಾನು ಹೊಸದಾಗಿ ನುಡಿಸೋಕೆ ಕಲಿತೆ. ಉಳಿದ ಎರಡು ಬೆರಳಲ್ಲಿ ಮುಖ್ಯವಾದ ಸ್ವರ ಮಾತ್ರ ಹಿಡಿಯೋದು, ನಡುವಿನ ಜಾಗವನ್ನು ಪೆಡಲ್‌ನ ಮಾರ್ದನಿಗೆ ಬಿಡೋದು. ಕೇಳುವವರಿಗೆ ಕೈ ತುಂಬಾ ನುಡಿಸಿದ ಹಾಗೇ ಇರುತ್ತಿತ್ತು. ತಂಡ ನಡೆಸುವ ಅಣ್ಣನಿಗೂ ಕೈ ವಾಸಿಯಾಗಿದೆ ಅಂತಲೇ ನಂಬಿಕೆ.

ಪೆಡಲನ್ನು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ ಒಯ್ದೆ. ರಿಪೇರಿಯವರು ತಿರುಪು ಬಿಚ್ಚಿ, ಅಲ್ಲಿ ಇಲ್ಲಿ ಮೀಟರ್ ಇಟ್ಟು ನೋಡಿ, ಉದ್ದನೆಯ ಕಪ್ಪು ಐಸಿಯೊಂದನ್ನು ತೋರಿಸಿದರು. "ಇದೇ ಮೇಡಂ ಹೋಗಿರೋದು. ಸೌಂಡನ್ನ ಹಿಡಿದಿಟ್ಕೊಳ್ಳೋದು ಇದೇನೆ. ಈಗ ಈ ಮಾಲು ಬರೋದು ನಿಂತೋಗಿದೆ. ಬಂದ್ರೂ ಡೂಪ್ಲಿಕೇಟು. ಹೊಸದು ತಗೊಂಡ್ಬಿಡಿ, ಡಿಜಿಟಲ್ ಬರುತ್ತೆ, ಚೆನ್ನಾಗಿದೆ."

ಡಿಜಿಟಲ್ ಒಂದನ್ನು ಪರಿಚಯದವರಿಂದ ತಂದು ನೋಡಿದೆ. ಅದು ನಾನು ನುಡಿಸಿದ್ದನ್ನು ಕನ್ನಡಿ ಹಿಡಿದ ಹಾಗೆ ವಾಪಸ್ ಕೊಡುತ್ತಿತ್ತು. ಅದೇ ತೊಂದರೆ. ನನ್ನ ಬೆರಳು ತಡವರಿಸಿದ್ದು, ತಂತಿ ಜರ್ ಅಂದಿದ್ದು, ಎಲ್ಲವೂ ಅಷ್ಟೇ ಸ್ಪಷ್ಟವಾಗಿ ಮತ್ತೆ ಮತ್ತೆ ಬರುತ್ತಿತ್ತು. ಹಳೆಯದು ಹಾಗಲ್ಲ, ಮಸುಕು ಮಾಡುತ್ತಿತ್ತು. ತಪ್ಪಿನ ಅಂಚು ಸವೆದು, ಹಿಂದಿನ ಸ್ವರದಲ್ಲಿ ಮುಂದಿನದು ಕರಗಿಕೊಳ್ಳುತ್ತಿತ್ತು. ಸಿದ್ದಾಪುರದ ಪ್ರಾಕ್ಟೀಸ್ ರೂಮಿನಲ್ಲಿ ಡಿಜಿಟಲ್ ಇಟ್ಟುಕೊಂಡು ಎರಡು ಹಾಡು ನುಡಿಸಿದೆ. ತಂಡದ ಅಣ್ಣ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದರು.

"ಏನಮ್ಮ, ಹುಷಾರಿಲ್ವಾ?"

"ಪೆಡಲ್ ಬೇರೆ ಅಣ್ಣ. ನಂದು ರಿಪೇರಿಗೆ ಕೊಟ್ಟಿದೀನಿ."

"ಬೇಗ ತಗೊಂಬಿಡು. ಹಬ್ಬ ಬಂದೇಬಿಡ್ತು."

ಅವತ್ತಿನಿಂದ ಫೋನು ನನ್ನ ಕೈಯಿಂದ ಇಳಿಯಲಿಲ್ಲ, ಹಳೇ ಸಾಮಾನು ಮಾರುವ ಸೈಟುಗಳನ್ನೆಲ್ಲ ಜಾಲಾಡಿದೆ. ಇಡೀ ಪೆಡಲ್ ಮಾರುವವರು ಆ ಕಾಲದ್ದು ಅಂದರೆ ಮುಟ್ಟೋಕಾಗದ ಬೆಲೆ ಹೇಳುತ್ತಿದ್ದರು. ಆದರೆ ಒಳಗಿನ ಬೋರ್ಡು ಮಾತ್ರ ಮಾರುವವರೂ ಇದ್ದಾರೆ ಅಂತ ಹುಡುಕುತ್ತಾ ಹೋದಾಗ ಗೊತ್ತಾಯಿತು. ಹಳೇ ಡಿಲೇ ಪೆಡಲ್‌ಗಳ ಬೋರ್ಡನ್ನು ಹೊರಗೆ ತೆಗೆದು, ಕೆಲವು ಬಿಡಿಭಾಗ ಬದಲಾಯಿಸಿ, ಮಾರ್ದನಿ ಇನ್ನೂ ತಡವಾಗಿ, ಇನ್ನೂ ಮಬ್ಬಾಗಿ ಬರುವಂತೆ ಮಾಡುತ್ತಾರೆ. ಮೋಡ್ ಮಾಡಿದ ಬೋರ್ಡು ಅನ್ನುತ್ತಾರೆ ಅದನ್ನು. ನನ್ನ ಡಬ್ಬಿ ಗಟ್ಟಿಯಾಗಿತ್ತು. ಬೋರ್ಡು ಒಂದು ಸಿಕ್ಕರೆ ವೈರುಗಳನ್ನು ಬೆಸೆದುಕೊಳ್ಳೋದು ನನಗೇ ಬರುತ್ತಿತ್ತು. ವರ್ಷಗಟ್ಟಲೆ ಕಿತ್ತುಹೋದ ಕೇಬಲ್ಲು, ಜ್ಯಾಕು ನಾನೇ ಸರಿಮಾಡಿಕೊಂಡವಳು.

ಒಗ್ಗರಣೆ ಹಾಕುತ್ತಾ ಫೋನ್ ನೋಡುತ್ತಿದ್ದೆ, ಬಸ್ಸಿನಲ್ಲಿ ನೋಡುತ್ತಿದ್ದೆ, ಬಿ.ಟಿ.ಎಂ.ನಲ್ಲಿ ಪಾಠಕ್ಕೆ ಬರುವ ಮಕ್ಕಳಿಗೆ ಒಂದು ಅಭ್ಯಾಸ ಕೊಟ್ಟು ಆ ಕಡೆ ತಿರುಗಿ ನೋಡುತ್ತಿದ್ದೆ. ಕೆಲವರು ಇಂಡಿಯಾಕ್ಕೆ ಕಳಿಸಲ್ಲ ಅಂದರು. ಕೆಲವರು ಉತ್ತರವನ್ನೇ ಕೊಡಲಿಲ್ಲ. ಒಬ್ಬ ವಿದೇಶದವನು ಒಪ್ಪಿದ. ಪಾರ್ಸೆಲ್ ಬಂದ ದಿನ ಅತ್ತೆಯೇ ಕತ್ತರಿ ತಂದು ಕೊಟ್ಟರು. ಗುಳ್ಳೆಗಳ ಪ್ಲಾಸ್ಟಿಕ್ ಬಿಚ್ಚಿದೆ. ಬೋರ್ಡು ಹಸಿರಾಗಿ ಚೆನ್ನಾಗಿಯೇ ಇತ್ತು. ನಡುವೆ ಐಸಿ ಕೂರುವ ಜಾಗ ಖಾಲಿ. ಅವನಿಗೆ ಬರೆದರೆ, ಫೋಟೋದಲ್ಲಿ ಇದ್ದದ್ದನ್ನೇ ಕಳಿಸಿದ್ದೀನಿ ಅಂತ ಉತ್ತರ. ಫೋಟೋ ದೊಡ್ಡದು ಮಾಡಿ ನೋಡಿದೆ. ಆ ಜಾಗದ ಮೇಲೆ ಬೆಳಕು ಬಿದ್ದು ಏನೂ ಕಾಣುತ್ತಿರಲಿಲ್ಲ.

"ವಾಪಸ್ ಕಳಿಸೋದಲ್ವಾ?" ಅಂದರು ಅತ್ತೆ.

"ಕಳಿಸಿ, ಅವನು ತಗೊಂಡು, ಅಷ್ಟರಲ್ಲಿ ಗಣೇಶನ್ನ ಬಿಟ್ಟು ಬಂದಾಗಿರುತ್ತೆ" ಅಂದೆ. ಬೋರ್ಡನ್ನು ಹಾಗೇ ಕೈಯಲ್ಲಿ ಹಿಡಿದು ಗೋಡೆಗೆ ಒರಗಿ ಕೂತೆ. ಅತ್ತೆ ನೆಲದ ಮೇಲಿದ್ದ ಪ್ಲಾಸ್ಟಿಕ್ ಚೂರು ಬಾಚಿಕೊಂಡು ಒಳಗೆ ಹೋದರು.

ಅದಾದ ಮೇಲೆ ಇನ್ನೊಂದು ಕಣ್ಣಿಗೆ ಬಿತ್ತು. ಮಾರುವವರ ಹೆಸರಿನ ಜಾಗದಲ್ಲಿ ಬರೀ ಅಕ್ಷರ, ಅಂಕಿ. ವಿವರಣೆ ಎರಡೇ ಸಾಲು ಇಂಗ್ಲಿಷ್: ಹಳೇ ಡಿಲೇ ಬೋರ್ಡು, ಮೋಡ್ ಮಾಡಿದ್ದು, ಪರೀಕ್ಷೆ ಮಾಡಿಲ್ಲ. ಫೋಟೋದಲ್ಲಿ ಬೋರ್ಡಿನ ಕೆಳಗೆ ಹಾಸಿದ್ದು ಕನ್ನಡ ಪೇಪರು. ನಾನು ಫೋಟೋ ಎಳೆದು ದೊಡ್ಡದು ಮಾಡಿ, ಬೋರ್ಡು ಬಿಟ್ಟು ಅದರ ಸುತ್ತಲಿನ ಅಕ್ಷರ ಓದಿದೆ. ನೀರಿನ ಸರಬರಾಜಿನ ಸುದ್ದಿ, ನಮ್ಮ ಊರಿನದ್ದೇ. ಕನ್ನಡದಲ್ಲೇ ಬರೆದೆ: ನೀವು ಬೆಂಗಳೂರಿನವರಾ? ನನಗೆ ಇದು ತುಂಬಾ ಅರ್ಜೆಂಟಾಗಿ ಬೇಕು.

ಸಂಜೆ ಉತ್ತರ ಬಂತು. ಹುಳಿಮಾವು. ಅಷ್ಟೇ ಬರೆದಿದ್ದರು.

ನಾನೇ ಬಂದು ತಗೊಳ್ತೀನಿ ಅಂದರೆ ಬೇಡ ಅಂದರು, ಕೊರಿಯರ್ ಮಾಡಿದರು. ಬಂದ ಬೋರ್ಡಿನಲ್ಲಿ ಐಸಿ ಇತ್ತು. ವೈರು ಬೆಸೆದು, ಡಬ್ಬಿಯೊಳಗೆ ಕೂರಿಸಿ, ತಂತಿ ಮೀಟಿದೆ. ಹಿಂದಿನಿಂದ ಆ ಮಸುಕು ಸದ್ದು ಬಂತು. ನನ್ನ ಹಳೆಯದಕ್ಕಿಂತಲೂ ಚೆನ್ನಾಗಿತ್ತು, ದೂರದಿಂದ ಬಂದಂತೆ. ಕಣ್ಣು ತುಂಬಿಕೊಂಡಿತು. ಆಮೇಲೆ ಆ ಸದ್ದು ನಿಲ್ಲಲಿಲ್ಲ. ಮೆತ್ತಗಾಗಬೇಕಾದ ಮಾರ್ದನಿ ಜೋರಾಗುತ್ತಾ, ಜೋರಾಗುತ್ತಾ ಊಳಿಡತೊಡಗಿತು. ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡರು. ಯಾವ ಗುಂಡಿ ತಿರುಗಿಸಿದರೂ ಅದೇ.

ಕೊರಿಯರ್ ಚೀಟಿ ಮೇಲಿದ್ದ ನಂಬರಿಗೆ ಫೋನ್ ಮಾಡಿದೆ. ಹೆಂಗಸಿನ ದನಿ, ವಯಸ್ಸಾದವರದು, ತೀರಾ ಮೆಲ್ಲಗೆ. "ಯಾರು? ಬೋರ್ಡಿಂದಾ? ನೀವು ಮಾಡ್ಬೇಡಿ, ನಾನೇ ಮಾಡ್ತೀನಿ" ಅಂತ ಇಟ್ಟುಬಿಟ್ಟರು. ಸ್ವಲ್ಪ ಹೊತ್ತಾದ ಮೇಲೆ ಅವರೇ ಮಾಡಿದರು. ಹಿಂದೆ ಗಾಡಿಗಳ ಸದ್ದಿತ್ತು, ರಸ್ತೆಗೆ ಬಂದಿದ್ದರು ಅಂತ ಕಾಣುತ್ತೆ. "ನಾಳೆ ಬೆಳಗ್ಗೆ ಕೆರೆ ಹತ್ರ ಬನ್ನಿ. ಇನ್ನೂ ಇದೆ, ಕೊಡ್ತೀನಿ. ಮನೆಗೆ ಮಾತ್ರ ಬರ್ಬೇಡಿ."

ಹುಳಿಮಾವು ಕೆರೆಯ ದಂಡೆಯಲ್ಲಿ ವಾಕಿಂಗ್ ಮಾಡುವವರ ನಡುವೆ ಅವರನ್ನು ಗುರುತು ಹಿಡಿಯೋದು ಕಷ್ಟವಾಗಲಿಲ್ಲ. ಕಾಟನ್ ಸೀರೆ, ಬೂಟು, ಕೈಯಲ್ಲೊಂದು ಬಟ್ಟೆಚೀಲ. ಕಲ್ಲಿನ ಬೆಂಚಿನ ಮೇಲೆ ಕೂತು ಚೀಲದಿಂದ ಸ್ಟೀಲಿನ ತಿಂಡಿ ಡಬ್ಬಿ ತೆಗೆದರು. ಒಳಗೆ ಮೂರು ಬೋರ್ಡು, ಪೇಪರಿನಲ್ಲಿ ಸುತ್ತಿದ್ದು.

"ಯಾವುದು ಕೆಲ್ಸ ಮಾಡುತ್ತೆ, ಯಾವುದಿಲ್ಲ, ನಂಗೊತ್ತಿಲ್ಲಮ್ಮ. ಮೂರೂ ತಗೊಂಡೋಗಿ. ದುಡ್ಡೇನೂ ಬೇಡ."

"ಇದನ್ನೆಲ್ಲ ಮಾಡಿದ್ದು ಯಾರು ಆಂಟಿ?"

"ನಮ್ಮನೆಯವರು." ಕೆರೆ ಕಡೆ ನೋಡುತ್ತಾ ಹೇಳಿದರು. ಫ್ಯಾಕ್ಟರಿಯಲ್ಲಿ ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿದ್ದು ರಿಟೈರ್ ಆದವರಂತೆ. ವಯಸ್ಸಿನಲ್ಲಿ ಗಿಟಾರ್ ನುಡಿಸುತ್ತಿದ್ದರಂತೆ. ರಿಟೈರ್ ಆದ ಮೇಲೆ ಇದೇ ಹುಚ್ಚು, ಹಳೇ ಪೆಡಲ್ ತರಿಸೋದು, ಬಿಚ್ಚೋದು, ಬದಲಾಯಿಸೋದು. ಈಗ ಕೈ ನಡುಗುವ ಕಾಯಿಲೆ. "ಆದ್ರೂ ಬಿಡಲ್ಲ. ಸೋಲ್ಡರಿಂಗ್ ಐರನ್ ಹಿಡ್ಕೊಂಡು ಕೂತ್ಬಿಡ್ತಾರೆ. ತೊಡೆ ಸುಟ್ಕೊಂಡ್ರು. ಒಂದ್ಸಲ ಕರ್ಟನ್‌ಗೆ ಬೆಂಕಿ ಹತ್ತಿ, ನಾನು ಅಡುಗೆಮನೇಲಿದ್ದೆ, ವಾಸನೆ ಬಂದು ಓಡೋದೆ. ಹೇಳಿದ್ರೆ ಕೇಳಲ್ಲ, ಕಿತ್ಕೊಂಡ್ರೆ ಮಕ್ಕಳ ಥರ ಅಳ್ತಾರೆ. ಅದಕ್ಕೆ ಅವ್ರು ಮಲಗಿರೋವಾಗ ಒಂದೊಂದೇ ಫೋಟೋ ತೆಗೆದು ಹಾಕ್ತಿದೀನಿ. ರೂಮಲ್ಲಿ ಏನೂ ಇಲ್ದೆ ಹೋದ್ರೆ ಬಿಡ್ತಾರೇನೋ ಅಂತ."

ಅವರ ಮನೆಯಿಂದ ಬೋರ್ಡು ಹೊರಗೆ ಹೋಗೋದು ಅವರಿಗೆ ಎಷ್ಟು ಬೇಕಾಗಿತ್ತೋ, ಅದರಲ್ಲೊಂದು ನನ್ನ ಮನೆಗೆ ಬರೋದು ನನಗೆ ಅಷ್ಟೇ ಬೇಕಾಗಿತ್ತು. ಡಬ್ಬಿ ತೆಗೆದುಕೊಂಡು ಬಂದೆ.

ಎರಡು ಬೋರ್ಡುಗಳಲ್ಲಿ ಸದ್ದೇ ಇರಲಿಲ್ಲ. ಮೂರನೆಯದು ಮೊದಲು ಬಂದದ್ದರ ಹಾಗೇ ಊಳಿಡುತ್ತಿತ್ತು, ಜೊತೆಗೆ ಸೊಳ್ಳೆ ಕಿವಿಯ ಹತ್ತಿರ ಹಾರಿದ ಹಾಗೆ ಕುಂಯ್ ಅನ್ನುವ ಸಣ್ಣ ಸದ್ದು. ಒಂದೊಂದನ್ನೂ ಬೆಸೆದು, ಬಿಚ್ಚಿ, ಮತ್ತೆ ಬೆಸೆದು, ನನ್ನ ಬಲಗೈ ತೋರುಬೆರಳೂ ಸುಟ್ಟಿತು. ಪೆಡಲ್ ಪಕ್ಕಕ್ಕಿಟ್ಟು ಬರೀ ಗಿಟಾರ್ ನುಡಿಸಲು ಕೂತೆ. ಕಿರುಬೆರಳನ್ನು ಬಲಗೈಯಿಂದ ಎತ್ತಿ ತಂತಿ ಮೇಲಿಟ್ಟು, ಒತ್ತು ಅಂತ ಅದಕ್ಕೆ ಹೇಳಿದೆ. ಬಾಯಿಬಿಟ್ಟೇ ಹೇಳಿದೆ. ಅದು ಮೆಲ್ಲಗೆ ಜಾರಿ ಪಕ್ಕಕ್ಕೆ ಬಿತ್ತು. ಹೊಸೂರಿನ ಕಾರ್ಖಾನೆಯಲ್ಲಿದ್ದ ನನ್ನ ಗಂಡ ಫೋನಿನಲ್ಲಿ, "ಈ ವರ್ಷ ಬಿಟ್ಬಿಡು, ಮುಂದಿನ ವರ್ಷ ನೋಡಿದ್ರಾಯ್ತು" ಅಂದರು. ಒಂದು ವರ್ಷ ವೇದಿಕೆ ಬಿಟ್ಟ ಹೆಂಗಸನ್ನು ಮುಂದಿನ ವರ್ಷ ಯಾರೂ ಕರೆಯೋದಿಲ್ಲ ಅಂತ ಅವರಿಗೆ ವಿವರಿಸುವ ಶಕ್ತಿ ನನ್ನಲ್ಲಿರಲಿಲ್ಲ.

ಅಷ್ಟರಲ್ಲಿ ಹುಳಿಮಾವಿನ ಆಂಟಿಯ ಫೋನ್ ಬಂತು. ಈ ಸಲ ಪಿಸುಗುಟ್ಟಲಿಲ್ಲ.

"ಅವ್ರಿಗೆ ಗೊತ್ತಾಗೋಯ್ತು. ಶೆಲ್ಫು ನೋಡಿದ್ದಾರೆ. ನಿನ್ನೆಯಿಂದ ಊಟ ಮುಟ್ಟಿಲ್ಲ, ನನ್ ಜೊತೆ ಮಾತಿಲ್ಲ. ನಿಮ್ಮ ಹತ್ರ ಇರೋದನ್ನಾದ್ರೂ ತಂದ್ಕೊಡ್ತೀರಾ? ಬೇರೆಯೋರೆಲ್ಲ ಯಾವ್ಯಾವ ಊರಲ್ಲಿದಾರೋ. ಹತ್ತಿರ ಇರೋರು ನೀವೊಬ್ರೇ."

ಊಳಿಟ್ಟರೂ ಸರಿ, ಆ ಎರಡು ಬೋರ್ಡು ಬಿಟ್ಟರೆ ನನಗೆ ಬೇರೆ ದಿಕ್ಕಿರಲಿಲ್ಲ. ಆದರೂ ಬರ್ತೀನಿ ಅಂದೆ. ಬೋರ್ಡುಗಳನ್ನೆಲ್ಲ ಅದೇ ತಿಂಡಿ ಡಬ್ಬಿಗೆ ಹಾಕಿಕೊಂಡೆ. ಏನನ್ನಿಸಿತೋ, ಗಿಟಾರನ್ನೂ ಪೆಡಲ್ ಡಬ್ಬಿಯನ್ನೂ ಸಣ್ಣ ಆಂಪ್ಲಿಫೈಯರನ್ನೂ ಆಟೋದಲ್ಲಿ ಹಾಕಿಕೊಂಡು ಹೊರಟೆ.

ಅವರ ಮನೆ ಮೊದಲನೇ ಮಹಡಿಯಲ್ಲಿತ್ತು. ಯಜಮಾನರು ಒಳರೂಮಿನಲ್ಲಿ, ಖಾಲಿ ಶೆಲ್ಫಿನ ಕಡೆ ಮುಖ ಮಾಡಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಉದ್ದನೆಯ ಮನುಷ್ಯ, ಗಡ್ಡ ಬಿಟ್ಟಿದ್ದರು. ಮಡಿಲಲ್ಲಿದ್ದ ಬಲಗೈ ತನ್ನಷ್ಟಕ್ಕೆ ಅಲ್ಲಾಡುತ್ತಿತ್ತು. ಡಬ್ಬಿಯ ಮುಚ್ಚಳ ತೆಗೆದು ಅವರ ಮುಂದಿಟ್ಟೆ. ಒಂದೊಂದನ್ನೂ ಎಡಗೈಯಿಂದ ಎತ್ತಿ ನೋಡಿದರು. ಹೆಂಡತಿ ಬಾಗಿಲಲ್ಲೇ ನಿಂತಿದ್ದರು, ಒಳಗೆ ಬರಲಿಲ್ಲ.

"ನೀವು ತಗೊಂಡಿದ್ದಾ?" ಅಂದರು ನನ್ನನ್ನು.

"ಹೌದು ಸಾರ್. ನುಡಿಸೋಕೆ ಬೇಕಾಗಿತ್ತು. ಇವೆರಡು ಊಳಿಡುತ್ವೆ."

"ಊಳಿಡುತ್ತೆ. ಟೈಮ್ ಜಾಸ್ತಿ ಮಾಡಿದೀನಿ, ಟ್ರಿಮ್ ಮಾಡಿಲ್ಲ." ಬೋರ್ಡಿನ ಮೂಲೆಯಲ್ಲಿದ್ದ, ಸಾಸಿವೆಗಿಂತ ಒಂಚೂರು ದೊಡ್ಡದಾದ ತಿರುಪುಗಳನ್ನು ತೋರಿಸಿದರು. "ಇವನ್ನ ಕಿವಿಯಲ್ಲಿ ಕೇಳ್ಕೊಂಡು ತಿರುಗಿಸ್ಬೇಕು. ನಂಗೆ ಆಗ್ತಿಲ್ಲ." ಮೇಜಿನ ಮೇಲಿದ್ದ ಸಣ್ಣ ಸ್ಕ್ರೂಡ್ರೈವರ್ ಎತ್ತಿಕೊಂಡರು. ಅದರ ತುದಿ ಬೋರ್ಡಿನ ಮೇಲೆಲ್ಲ ಟಕಟಕ ಬಡಿಯಿತು, ತಿರುಪಿನೊಳಗೆ ಇಳಿಯಲಿಲ್ಲ. ಅವರು ಅದನ್ನು ಮೇಜಿನ ಮೇಲೆ ವಾಪಸ್ ಇಟ್ಟು, ಹೆಂಡತಿಯ ಕಡೆ ನೋಡದೆ ಹೇಳಿದರು, "ಮಾರೋದಾದ್ರೆ ಮುಗಿಸಿರೋದನ್ನ ಮಾರ್ಬೇಕಿತ್ತು. ಅರ್ಧಂಬರ್ಧ ಮಾಲು ನನ್ನ ಹೆಸರಲ್ಲಿ ಯಾಕೆ ಕಳಿಸಿದೆ?"

ಆಂಟಿ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡರು.

"ನಾನು ತಿರುಗಿಸ್ತೀನಿ ಸಾರ್" ಅಂದೆ. "ನನ್ನ ಬಲಗೈ ಸರಿಯಿದೆ. ನೀವು ಹೇಳಿ."

ಅವರದೇ ಸೋಲ್ಡರಿಂಗ್ ಐರನ್‌ನಿಂದ ಕುಂಯ್ ಅನ್ನುತ್ತಿದ್ದ ಬೋರ್ಡನ್ನು ಪೆಡಲ್ ಡಬ್ಬಿಗೆ ಬೆಸೆದೆ. ಮುಚ್ಚಳ ಹಾಕದೆ, ಗಿಟಾರಿನ ಕೇಬಲ್ ಚುಚ್ಚಿ, ಎಡಗೈಯಲ್ಲಿ ತಂತಿ ಮೀಟುತ್ತಾ ಬಲಗೈಯಲ್ಲಿ ಸ್ಕ್ರೂಡ್ರೈವರ್ ಹಿಡಿದೆ. ಅವರು ಕಣ್ಣು ಮುಚ್ಚಿಕೊಂಡು, ಇನ್ನೂ ಸ್ವಲ್ಪ, ಹಿಂದಕ್ಕೆ, ಸಾಕು, ಅನ್ನುತ್ತಾ ಹೋದರು. ಊಳು ಇಳಿಯಿತು. ಮಾರ್ದನಿ ಒಂದು, ಎರಡು, ಮೂರು ಸಲ ಬಂದು ತಾನಾಗಿ ಕರಗಿತು. ಅವರು ತಲೆಯಾಡಿಸಿದರು, "ಆಯ್ತು."

"ಇನ್ನೂ ಕುಂಯ್ ಅಂತಿದೆ ಸಾರ್."

"ಏನೂ ಇಲ್ಲ."

"ಇದೆ ರೀ" ಅಂದರು ಆಂಟಿ ಬಾಗಿಲಿಂದ. "ಸೊಳ್ಳೆ ಥರ. ನಿಮಗೆ ಕೇಳಿಸ್ತಿಲ್ಲ. ಎಷ್ಟು ದಿನದಿಂದ ಮನೇಲಿ ಆ ಸದ್ದಿದೆ, ನಾನು ಹೇಳಿದ್ರೆ ನಂಬಿಲ್ಲ ನೀವು."

ಅವರು ಹೆಂಡತಿಯನ್ನು ನೋಡಿದರು. ನಾನು ಬಂದ ಮೇಲೆ ಅದೇ ಮೊದಲ ಸಲ. ಎತ್ತರದ ಸದ್ದುಗಳು ತಮ್ಮ ಕಿವಿಗೆ ಬೀಳುತ್ತಿಲ್ಲ ಅನ್ನೋದು ಅವರಿಗೆ ಆಗಲೇ ಗೊತ್ತಾಯಿತೋ, ಮೊದಲೇ ಗೊತ್ತಿತ್ತೋ ನಾನರಿಯೆ. "ಹಂಗಾದ್ರೆ ನೀನೇ ಬಂದು ಕೂತ್ಕೊಂಡು ಕೇಳು" ಅಂದರು. ಇನ್ನೊಂದು ತಿರುಪು ತೋರಿಸಿದರು. ನಾನು ತಿರುಗಿಸಿದೆ. ಆಂಟಿ ಒಂದು ಪುಟ್ಟ ಸ್ಟೂಲಿನ ಮೇಲೆ ಕೂತು, ಮುಖ ಸೊಟ್ಟ ಮಾಡಿಕೊಂಡು ಕೇಳಿದರು. "ಕಮ್ಮಿ ಆಯ್ತು. ಇನ್ನೂ ಕಮ್ಮಿ ಆಯ್ತು. ಆ, ಮತ್ತೆ ಬಂತು, ಹಿಂದಕ್ಕೆ ಹೋಗಮ್ಮ." ಕೊನೆಗೆ ಅವರು ಕೈ ಎತ್ತಿದರು. "ಹೋಯ್ತು."

ಊಳಿಡುತ್ತಿದ್ದ ಇನ್ನೊಂದು ಬೋರ್ಡು ಮಾತ್ರ ಎಷ್ಟು ತಿರುಗಿಸಿದರೂ ಪಳಗಲಿಲ್ಲ, ಅದರ ಐಸಿಯೇ ಕೆಡುತ್ತಿದೆ ಅಂದರು ಯಜಮಾನರು. ಸರಿಹೋದ ಬೋರ್ಡು ನೀವೇ ಇಟ್ಕೊಳ್ಳಿ ಅಂದರು. ಆಂಟಿ ಅನ್ನ ಸಾರು ಕಲಸಿ ತಂದರು. ನಾನಿದ್ದಾಗಲೇ ಯಜಮಾನರು ಊಟ ಮಾಡಿದರು.

ಇಲ್ಲಿಗೆ ಎಲ್ಲ ಸರಿಹೋಯಿತು ಅಂತ ಬರೆಯೋಕೆ ನನಗೂ ಆಸೆ. ಮೊದಲ ಕಾರ್ಯಕ್ರಮ ಬನಶಂಕರಿಯಲ್ಲಿ. ಪೆಂಡಾಲಿನ ಮುಂದೆ ರಸ್ತೆ ತುಂಬಾ ಕುರ್ಚಿ, ಜನರೇಟರ್ ಗುಡುಗುತ್ತಿತ್ತು. ಮೊದಲ ಹಾಡಿನಲ್ಲಿ ನನ್ನ ಎರಡು ಬೆರಳಿನ ಕೆಲಸವನ್ನು ಆ ಬೋರ್ಡು ಎಷ್ಟು ಚೆನ್ನಾಗಿ ಹೊತ್ತುಕೊಂಡಿತೆಂದರೆ, ಕೀಬೋರ್ಡಿನವನು ತಿರುಗಿ ನನ್ನ ಕಡೆ ನಕ್ಕ. ಎರಡನೇ ಹಾಡಿನ ನಡುವೆ, ಲೀಡ್ ಭಾಗ ಬರುವ ಹೊತ್ತಿಗೆ, ವೇದಿಕೆಯ ದೀಪಗಳು ಒಂದು ಸಲ ಮಂಕಾಗಿ ಧಗ್ ಅಂತ ಉರಿದವು. ಕಾಲ ಕೆಳಗೆ ಚಟ್ ಅಂದಿದ್ದು ನನಗೆ ಕೇಳಿಸಲಿಲ್ಲ, ಅಂಗಾಲಿಗೆ ಗೊತ್ತಾಯಿತು. ಮೀಟಿದ ಸ್ವರ ಒಂದೇ ಸಲ ಬಂದು ನಿಂತಿತು.

ಲೀಡ್ ಭಾಗ ನುಡಿಸಲೇಬೇಕಿತ್ತು. ನುಡಿಸಿದೆ. ಎರಡು ಬೆರಳು, ನಡುವೆ ದೊಡ್ಡ ದೊಡ್ಡ ಕಂದಕ. ಉಂಗುರದ ಬೆರಳನ್ನು ಸೇರಿಸಿಕೊಳ್ಳಲು ನೋಡಿದೆ, ತಂತಿ ಜರ್ ಅಂತು. ಮುಂದಿನ ಸಾಲಿನಲ್ಲಿ ಕೂತಿದ್ದ ಹೆಂಗಸರು ಮಾತು ನಿಲ್ಲಿಸಿ ನನ್ನ ಕೈ ನೋಡಿದರು. ಬೆವರು ಕಣ್ಣಿಗಿಳಿಯಿತು. ತಂಡದ ಅಣ್ಣ ಕೀಬೋರ್ಡಿನವನಿಗೆ ಸನ್ನೆ ಮಾಡಿದರು, ಅವನು ನನ್ನ ಭಾಗವನ್ನು ಎತ್ತಿಕೊಂಡ. ಉಳಿದ ಹಾಡುಗಳಲ್ಲಿ ನಾನು ಗಿಟಾರ್ ಹಿಡಿದುಕೊಂಡು ನಿಂತಿದ್ದೆ, ಅಷ್ಟೆ.

ಸಾಮಾನು ಗಾಡಿಗೆ ಹಾಕುವಾಗ ಅಣ್ಣ ಹತ್ತಿರ ಬಂದರು. "ಕೈ ಇನ್ನೂ ವಾಸಿಯಾಗಿಲ್ಲ ಅಲ್ವಾ?"

"ಇಲ್ಲ ಅಣ್ಣ."

"ಆಗುತ್ತೆ ಅಂದಿದ್ದಾರಾ ಡಾಕ್ಟ್ರು?"

"ಇಲ್ಲ."

ಅವರು ಕೇಬಲ್ ಸುತ್ತುತ್ತಾ ನಿಂತರು. ಬೈದಿದ್ದರೆ ಸುಲಭವಾಗುತ್ತಿತ್ತು. "ರಿದಮ್‌ಗೆ ಬಾ. ಸುಲಭದ ಕಾರ್ಡ್ಸ್ ಹಿಡಿ ಸಾಕು. ಲೀಡ್‌ಗೆ ಬೇರೆ ಯಾರನ್ನಾದ್ರೂ ನೋಡ್ತೀನಿ" ಅಂದರು. ತಲೆಯಾಡಿಸಿದೆ. ಮನೆಗೆ ಬಂದು ಗಿಟಾರನ್ನು ಕವರಿನಿಂದ ಹೊರಗೆ ತೆಗೆಯಲಿಲ್ಲ. ಅತ್ತೆ ಮೊಸರನ್ನ ಕಲಸಿ ತುತ್ತು ಮಾಡಿ ಕೈಗೆ ಹಾಕಿದರು, ಎಷ್ಟೋ ವರ್ಷದ ಮೇಲೆ.

ಹಬ್ಬ ಕಳೆದ ಮೇಲೆ ಒಂದು ಭಾನುವಾರ ಸುಟ್ಟ ಬೋರ್ಡನ್ನೂ ಗಿಟಾರನ್ನೂ ತೆಗೆದುಕೊಂಡು ಹುಳಿಮಾವಿಗೆ ಹೋದೆ. ಯಾಕೆ ಹೋದೆ ಅಂತ ನನಗೇ ಸರಿಯಾಗಿ ಗೊತ್ತಿರಲಿಲ್ಲ. ಆ ಮನುಷ್ಯನಿಗೆ ಹೇಳಬೇಕು ಅನ್ನಿಸಿತ್ತು, ಬಹುಶಃ ಬೇರೆ ಯಾರಿಗೂ ಅದು ಅರ್ಥವಾಗುವಂಥದ್ದಲ್ಲ ಅಂತ. ಅವರು ಬೋರ್ಡು ತಿರುಗಿಸಿ ನೋಡಿ, "ಐಸಿ ಹೋಗಿದೆ. ನನ್ನ ಹತ್ರಾನೂ ಇನ್ನಿಲ್ಲ" ಅಂದರು. ಸಮಾಧಾನದ ಮಾತೇನೂ ಆಡಲಿಲ್ಲ. ಆಮೇಲೆ, "ಪೆಡಲ್ ಇಲ್ದೇನೇ ಏನಾದ್ರೂ ನುಡ್ಸಿ, ಕೇಳೋಣ" ಅಂದರು.

ಹೊಸದಾಗಿ ಕಲಿಯುತ್ತಿದ್ದ ರಿದಮ್ ಕಾರ್ಡುಗಳನ್ನೇ, ಎರಡು ಬೆರಳಲ್ಲಿ ಹಿಡಿಯುವಂಥವನ್ನು, ನಿಧಾನಕ್ಕೆ ನುಡಿಸಿದೆ. ಚೆನ್ನಾಗಿರಲಿಲ್ಲ. ಅಲ್ಲಲ್ಲಿ ನಿಲ್ಲುತ್ತಿತ್ತು. ತಲೆಯೆತ್ತಿ ನೋಡಿದರೆ ಅವರು ಕುರ್ಚಿಯಲ್ಲೇ ನಿದ್ದೆ ಹೋಗಿದ್ದರು. ಬಲಗೈಯ ನಡುಕ ನಿಂತಿತ್ತು. ನಿದ್ದೆಯಲ್ಲಿ ಅದು ನಿಲ್ಲುತ್ತದಂತೆ, ಆಮೇಲೆ ಆಂಟಿ ಹೇಳಿದರು. ನಾನು ಗಿಟಾರ್ ಕೆಳಗಿಡಲು ಹೋದೆ. ಆಂಟಿ ಬಾಗಿಲಿಂದ ಬೇಡ ಅಂತ ಕೈ ಅಲ್ಲಾಡಿಸಿದರು. ಅವರಾಗಲೇ ಚೀಲ ಹೆಗಲಿಗೆ ಹಾಕಿಕೊಂಡಿದ್ದರು.

"ಇನ್ನೊಂದು ಸ್ವಲ್ಪ ಹೊತ್ತು ನುಡಿಸ್ತಾ ಇರ್ತೀರಾ?" ಅಂತ ಕೇಳಿದರು. "ಎದ್ರೂ ನೀವಿರ್ತೀರಲ್ಲ. ನಾನು ಹೋಗಿ ತರಕಾರಿ ತಂದ್ಬಿಡ್ತೀನಿ. ಮನೆಯಿಂದ ಹೊರಗೆ ಹೋಗಿ ಎಷ್ಟು ದಿನ ಆಯ್ತೋ."

ಹೋಗ್ಬನ್ನಿ ಆಂಟಿ ಅಂದೆ. ಅವರು ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದು ಹೋದ ಸದ್ದು ಕೇಳಿಸಿತು. ನಾನು ಮೊದಲ ಕಾರ್ಡಿನಿಂದ ಮತ್ತೆ ನುಡಿಸತೊಡಗಿದೆ.